ಶಿಕ್ಷಣಶಾಸ್ತ್ರದ ಮಹಾಪ್ರಬಂಧ: ಬರೆಯುವವರು, ಬರೆಯಿಸುವವರು

ವಿಶ್ವವಿದ್ಯಾನಿಲಯಗಳು ಕೊಡತಕ್ಕ ಪದವಿಗಳಲ್ಲಿ ಡಾಕ್ಟರ್ ಪದವಿಯು ಮೇಲ್ಮಟ್ಟದ್ದೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಆ ಪದವಿಯು ಹೇಗೆ ಸಿದ್ಧಿಸುತ್ತದೆ, ಅದಕ್ಕಾಗಿ ಬರೆಯುವ ಮಹಾಪ್ರಬಂಧದ ಹಿಂದೆ ಯಾರ ಯಾರ ದುಡಿಮೆ ಇರುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಪ್ರಬಂಧವನ್ನು ಬರೆಯುವವರು ಒಬ್ಬರು. ಅದನ್ನು ಬರೆಯುವಂತೆ ಮಾಡುವವರು ಮತ್ತೊಬ್ಬರು. ಈ ಎರಡನೆಯವರಿಗೆ ಮಾರ್ಗದರ್ಶಕರೆಂದು ಹೆಸರು. ಸಂಶೋಧಕರ ಬಾಯಲ್ಲಿ ಅವರು 'ಗೈಡ್'. ಶಿಕ್ಷಣಶಾಸ್ತ್ರದಲ್ಲಿ ಇವರ ಕೆಲಸವೇನು, ಅದು ಸರಿಯಾಗಿ ನಡೆದರೆ ಯಾರಿಗೆ ಲಾಭ, ಕೆಟ್ಟರೆ ಯಾರಿಗೆ ನಷ್ಟ, ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳುವುದು ಈ ಭಾಷಣದ ಉದ್ದೇಶ.

ಈ ವಿಷಯಕ್ಕೆ ಬೆಂಗಳೂರಿನ ಪಶ್ಚಿಮ ಭಾಗವು ಒಂದು ಒಳ್ಳೆಯ ನಿದರ್ಶನ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಎಂಬ ಈ ಬಡಾವಣೆಗಳಲ್ಲಿ ಸರ್ಕಾರದ ಶಾಲೆಗಳೂ ಖಾಸಗಿಯವರ ಶಾಲೆಗಳೂ ಬೀದಿಬೀದಿಗೂ ಇವೆ. ಮೈಸೂರು ರಸ್ತೆಗೂ ನಾಗರಭಾವಿಗೂ ನಡುವೆ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣವು ಸುಮಾರು 1,100 ಎಕರೆಗಳಷ್ಟು ಹರಡಿಕೊಂಡಿದೆ. ಈ ವಿಶ್ವವಿದ್ಯಾನಿಲಯವು ಸ್ಥಾಪನೆಯಾದುದು 1964ರಲ್ಲಿ. ನಗರದ ಮಧ್ಯದಲ್ಲಿದ್ದ ಸೆಂಟ್ರಲ್ ಕಾಲೇಜಿನಿಂದ ಅದರ ವಿಭಾಗಗಳು ಈ ಬಯಲಿಗೆ ಬರತೊಡಗಿದ್ದು 1973ರ ಸುಮಾರಿನಲ್ಲಿ. ಶಿಕ್ಷಣ ವಿಭಾಗವೂ ಇಲ್ಲಿಯೇ ಇದೆ. ಇದೇ ಆವರಣದಲ್ಲಿ, ಇಂಗ್ಲಿಷ್ ಕಲಿಸುವ ಉಪಾಧ್ಯಾಯರಿಗೆ ತರಬೇತು ಕೊಡಲು 1963ರಲ್ಲಿ ಹುಟ್ಟಿದ ದಕ್ಷಿಣಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯುಂಟು. ಪಕ್ಕದ ನಾಗರಭಾವಿಯಲ್ಲಿ ಡಾ. ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನ ಸಂಸ್ಥೆಯೂ, ದೇಶದ ಕಾಲೇಜುಗಳ ಗುಣಮಟ್ಟವನ್ನು ಅಳೆಯಲು 1994ರಲ್ಲಿ ಏರ್ಪಟ್ಟ ರಾಷ್ಟ್ರೀಯ ಮೌಲ್ಯಾಂಕನ ಮಂಡಲಿಯೂ ಇವೆ. ಅಂದಮೇಲೆ, ಪಾಠ ನಡೆಯುವ ಕೊಠಡಿಗೂ ಪಾಠವನ್ನು ಕುರಿತು ಸಂಶೋಧನೆ ನಡೆಯುವ ಕೊಠಡಿಗೂ ಇಲ್ಲಿ ನಾಲ್ಕೈದು ಮೈಲಿಗಿಂತ ಹೆಚ್ಚಿನ ಅಂತರವಿಲ್ಲ. ಆದರೂ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುವುದು ಅಪರೂಪವೆಂಬ ದೂರು ಎರಡು ಕಡೆಯಿಂದಲೂ ಕೇಳಿಬರುತ್ತದೆ. ಈ ಅಂತರವನ್ನು ದಾಟಿಸಬಲ್ಲ ಸೇತುವೆಗಳಲ್ಲಿ ಮಹಾಪ್ರಬಂಧವೂ ಒಂದು. ಆ ಸೇತುವೆಯ ಬಲಾಬಲವನ್ನು ಮೊದಲು ನೋಡಬೇಕಾದವರು ಮಾರ್ಗದರ್ಶಕರು.

ಸಂಶೋಧನೆಯನ್ನು ಮಾಡಿ ಡಾಕ್ಟರ್ ಪದವಿಯನ್ನು ಪಡೆಯುವ ಪದ್ಧತಿಯು ಬಹಳ ಹಳೆಯದಲ್ಲ. 1810ರಲ್ಲಿ ಸ್ಥಾಪಿತವಾದ ಬರ್ಲಿನ್ ವಿಶ್ವವಿದ್ಯಾನಿಲಯವು ಅಧ್ಯಾಪನದೊಡನೆ ಹೊಸ ಜ್ಞಾನದ ಅನ್ವೇಷಣೆಯನ್ನೂ ತನ್ನ ಧರ್ಮವೆಂದು ಭಾವಿಸಿತು. ಜರ್ಮನಿಯ ಈ ಪದ್ಧತಿಯು 1861ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯಕ್ಕೂ, 1917ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿಗೂ ಹಬ್ಬಿತು. ಜರ್ಮನರು ಮಾರ್ಗದರ್ಶಕರನ್ನು 'ಡಾಕ್ಟರ್ ಪದವಿಯ ತಂದೆ' ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಮಾರ್ಗದರ್ಶಕರು ಹೆಂಗಸರಾದರೆ 'ತಾಯಿ' ಎನ್ನುತ್ತಾರೆ. ನಮ್ಮಲ್ಲಿ ಗುರುವನ್ನು ತಂದೆಗೆ ಸಮಾನನೆಂದು ಎಣಿಸುವ ಭಾವನೆ ಹಳೆಯದಾದುದರಿಂದ ಈ ಮಾತು ನಮಗೆ ಹೊಸದಾಗಿ ತೋರದು. ಆದರೆ ತಂದೆಯ ಅಧಿಕಾರವನ್ನು ಮಾತ್ರ ಇಟ್ಟುಕೊಂಡು ತಂದೆಯ ಹೊಣೆಯನ್ನು ಮರೆತರೆ ಏನಾಗುವುದೆಂಬುದನ್ನು ಮುಂದೆ ನೋಡೋಣ.

ಭಾರತದಲ್ಲಿ ಶಿಕ್ಷಣಶಾಸ್ತ್ರವನ್ನು ಪ್ರತ್ಯೇಕ ವಿಷಯವಾಗಿ ಹಿಡಿದು ಮೇಲಿನ ಪದವಿಗಳನ್ನು ಕೊಡತೊಡಗಿದವರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದವರು ಮೊದಲಿಗರು. ಅಲ್ಲಿ 1936ರಲ್ಲಿ ಎಂ.ಎಡ್. ಪದವಿಯೂ, 1943ರಲ್ಲಿ ಶಿಕ್ಷಣಶಾಸ್ತ್ರದ ಮೊದಲ ಡಾಕ್ಟರ್ ಪದವಿಯೂ ಕಾಣಿಸಿಕೊಂಡವು. ನಮ್ಮ ಮೈಸೂರು ಸಂಸ್ಥಾನದಲ್ಲಿ ಇದಕ್ಕೂ ಮುಂಚೆಯೇ ಇದರ ಬೀಜವು ಮನಶ್ಶಾಸ್ತ್ರದ ಮೂಲಕ ಬಿದ್ದಿತ್ತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿ ಬಂದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಲ್ಲಿಯೇ ಸಣ್ಣ ಪ್ರೇಷಕಯಂತ್ರವನ್ನಿಟ್ಟುಕೊಂಡು ಮೈಸೂರಿನ ಆಕಾಶವಾಣಿಯನ್ನು ಆರಂಭಿಸಿದವರೂ ಇವರೇ. ಸ್ಪಿಯರ್‌ಮನ್ನರ ಒಂದು ವಿಚಾರವು ಇಂದಿಗೂ ಶಿಕ್ಷಣದ ಮಹಾಪ್ರಬಂಧಗಳಿಗೆ ಕನ್ನಡಿಯಂತಿದೆ. ಅದನ್ನು ತಕ್ಕ ಸ್ಥಳದಲ್ಲಿ ಹೇಳುತ್ತೇನೆ.

ಈಗ ನಿಯಮಗಳನ್ನು ಸ್ವಲ್ಪ ತಿಳಿದುಕೊಳ್ಳಬೇಕು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ನವೆಂಬರಿನಲ್ಲಿ ಪ್ರಕಟಿಸಿದ ನಿಯಮಗಳಂತೆ, ಸಂಶೋಧಕರು ಪಾಠಕ್ರಮವೂ ಸೇರಿ ಕಡಮೆಯೆಂದರೆ 3 ವರ್ಷ, ಹೆಚ್ಚೆಂದರೆ 6 ವರ್ಷ ಕೆಲಸ ಮಾಡಬಹುದು. ಪುನಃ ನೋಂದಾಯಿಸಿಕೊಂಡರೆ ಇನ್ನು 2 ವರ್ಷ ದೊರೆಯುತ್ತದೆ. ಹೆಂಗಸರಿಗೂ, ಶೇಕಡಾ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಅದರ ಮೇಲೆ ಮತ್ತೆ 2 ವರ್ಷ. ಒಬ್ಬ ಪ್ರಾಧ್ಯಾಪಕರು ಏಕಕಾಲದಲ್ಲಿ 8 ಮಂದಿಗಿಂತಲೂ, ಸಹ ಪ್ರಾಧ್ಯಾಪಕರು 6 ಮಂದಿಗಿಂತಲೂ, ಸಹಾಯಕ ಪ್ರಾಧ್ಯಾಪಕರು 4 ಮಂದಿಗಿಂತಲೂ ಹೆಚ್ಚು ಸಂಶೋಧಕರನ್ನು ತೆಗೆದುಕೊಳ್ಳಕೂಡದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಮೆ ಕಾಲ ಉಳಿದಿರುವವರು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಪ್ರತಿಯೊಬ್ಬ ಸಂಶೋಧಕರಿಗೂ ಒಂದು ಸಲಹಾ ಸಮಿತಿಯಿದ್ದು, ಅದರ ಮುಂದೆ ಅರ್ಧವರ್ಷಕ್ಕೊಮ್ಮೆ ತಮ್ಮ ಕೆಲಸವನ್ನು ಒಪ್ಪಿಸಬೇಕು. ಕೊನೆಗೆ ಪ್ರಬಂಧವನ್ನು ಮಾರ್ಗದರ್ಶಕರಲ್ಲದೆ ಹೊರಗಿನ ಇಬ್ಬರಾದರೂ ಪರೀಕ್ಷಕರು ಓದಿ ಒಪ್ಪಬೇಕು. ಆಮೇಲೆ ಮೌಖಿಕ ಪರೀಕ್ಷೆ. ಈ ಲೆಕ್ಕಗಳಿಗೆ ಒಂದು ಕಾರಣವುಂಟು. ಒಬ್ಬರ ಕೈಯಲ್ಲಿ ಇಪ್ಪತ್ತು ಮಂದಿ ಸಿಕ್ಕಿಕೊಂಡರೆ ಯಾರ ಬರಹವನ್ನೂ ಪೂರ್ತಿಯಾಗಿ ಓದಲು ಅವರಿಗೆ ಹೊತ್ತಿರುವುದಿಲ್ಲ. ನಿಯಮವು ಹೊತ್ತನ್ನು ಒದಗಿಸಬಹುದು. ಆ ಹೊತ್ತಿನಲ್ಲಿ ಏನು ನಡೆಯಬೇಕೆಂಬುದನ್ನು ನಿಯಮವು ಹೇಳಲಾರದು.

ಅದನ್ನು ತಿಳಿಯಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ವಿಜಯನಗರದ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಗಣಿತವನ್ನು ಕಲಿಸುವ ಅಧ್ಯಾಪಕಿಯೊಬ್ಬರು ಸಂಶೋಧನೆ ಮಾಡಬೇಕೆಂದು ಜ್ಞಾನಭಾರತಿಗೆ ಬರುತ್ತಾರೆಂದಿಟ್ಟುಕೊಳ್ಳಿ. ಇವರು ಹತ್ತು ವರ್ಷ ಪಾಠ ಹೇಳಿದವರು; ಮನೆಯಲ್ಲಿ ಮಕ್ಕಳೂ ವಯಸ್ಸಾದ ಅತ್ತೆ ಮಾವಂದಿರೂ ಇದ್ದಾರೆ; ಸಂಜೆಯ ಹೊತ್ತು, ಭಾನುವಾರ, ಬೇಸಗೆಯ ರಜ, ಇಷ್ಟೇ ಇವರಿಗೆ ದೊರೆಯುವ ಕಾಲ. ಇವರು ತಂದಿರುವ ವಿಷಯದ ಶಿರೋನಾಮೆ ಹೀಗಿದೆ: 'ಬೆಂಗಳೂರು ನಗರದ ಪ್ರೌಢಶಾಲಾ ವಿದ್ಯಾರ್ಥಿಗಳ ಗಣಿತ ಸಾಧನೆಯ ಮೇಲೆ ಮನೆಯ ವಾತಾವರಣ, ಆತ್ಮವಿಶ್ವಾಸ ಮತ್ತು ಕಲಿಕೆಯ ಶೈಲಿಗಳ ಪ್ರಭಾವ.' ಇಂಥ ಶಿರೋನಾಮೆಗಳು ಗ್ರಂಥಭಂಡಾರದ ಕಪಾಟುಗಳಲ್ಲಿ ಸಾಲುಸಾಲಾಗಿ ನಿಂತಿವೆ. ಊರಿನ ಹೆಸರನ್ನೋ ತರಗತಿಯ ಹೆಸರನ್ನೋ ಬದಲಾಯಿಸಿದರೆ ಇನ್ನೊಂದು ಪ್ರಬಂಧ ಸಿದ್ಧ. ಮಾರ್ಗದರ್ಶಕರು ಇದಕ್ಕೆ ಸಹಿ ಹಾಕಿ ಕಳುಹಿಸಿದರೆ ಎಲ್ಲರಿಗೂ ಅನುಕೂಲವೇ. ಆದರೆ ಸಂಶೋಧನೆಯು ಅಲ್ಲಿಯೇ ಮುಗಿದಂತೆ.

ಒಳ್ಳೆಯ ಮಾರ್ಗದರ್ಶಕರು ಆ ಕಾಗದವನ್ನು ಪಕ್ಕಕ್ಕಿಟ್ಟು, "ನಿಮ್ಮ ತರಗತಿಯಲ್ಲಿ ಹತ್ತು ವರ್ಷದಿಂದ ನಿಮಗೆ ಬಗೆಹರಿಯದೆ ಉಳಿದ ಒಂದು ಸಂಗತಿಯನ್ನು ಹೇಳಿರಮ್ಮ" ಎಂದು ಕೇಳುತ್ತಾರೆ. ಆಗ ನಿಜವಾದ ಮಾತು ಹೊರಬರುತ್ತದೆ. "ನಾಲ್ಕು ಅಂಕಿಗಳ ಭಾಗಾಕಾರವನ್ನು ಸರಾಗವಾಗಿ ಮಾಡುವ ಹುಡುಗ, ಅದೇ ಲೆಕ್ಕವನ್ನು ವಾಕ್ಯರೂಪದಲ್ಲಿ ಕೊಟ್ಟರೆ ತಡವರಿಸುತ್ತಾನೆ ಸಾರ್, ಏಕೋ ತಿಳಿಯದು." ಇದು ಪ್ರಶ್ನೆ. ಇದರ ಬೆನ್ನಿಗೆ ಇನ್ನೂ ಹಲವು ಪ್ರಶ್ನೆಗಳು ಬರುತ್ತವೆ. ತಡವರಿಸುವುದು ಗಣಿತದಲ್ಲೋ, ಓದಿನಲ್ಲೋ? ಈ ಬಡಾವಣೆಗಳಲ್ಲಿ ಮನೆಯಲ್ಲಿ ತೆಲುಗನ್ನೋ ತಮಿಳನ್ನೋ ಉರ್ದುವನ್ನೋ ಆಡುವ ಮಕ್ಕಳು ಬಹಳ ಮಂದಿ. ಅವರ ಕಷ್ಟವೂ ಕನ್ನಡದ ಮನೆಯ ಮಕ್ಕಳ ಕಷ್ಟವೂ ಒಂದೇ ಬಗೆಯದೋ? ಪಠ್ಯಪುಸ್ತಕದ ಕನ್ನಡವು ಮನೆಯ ಕನ್ನಡಕ್ಕಿಂತ ದೂರವಾದುದರಿಂದ ಹೀಗಾಗುತ್ತದೆಯೋ? ಒಂದೇ ಲೆಕ್ಕವನ್ನು ಅಂಕಿಗಳಲ್ಲಿ ಒಮ್ಮೆ, ಬರೆದ ವಾಕ್ಯದಲ್ಲಿ ಒಮ್ಮೆ, ಅಧ್ಯಾಪಕಿಯೇ ಗಟ್ಟಿಯಾಗಿ ಓದಿ ಹೇಳಿ ಒಮ್ಮೆ ಕೊಟ್ಟರೆ ಉತ್ತರಗಳು ಹೇಗೆ ವ್ಯತ್ಯಾಸವಾಗುತ್ತವೆ? ಓದಿ ಹೇಳಿದ ಮಾತ್ರಕ್ಕೆ ಲೆಕ್ಕ ಸರಿಯಾದರೆ ತೊಡಕು ಓದಿನಲ್ಲಿದೆ. ಓದಿ ಹೇಳಿದರೂ ಸರಿಯಾಗದಿದ್ದರೆ ಕೂಡಬೇಕೋ ಭಾಗಿಸಬೇಕೋ ಎಂಬ ವಿವೇಚನೆಯಲ್ಲಿ ತೊಡಕಿದೆ. ಒಂದು ಗಂಟೆಯ ಮಾತಿನಲ್ಲಿ ದೊಡ್ಡ ಶಿರೋನಾಮೆಯು ಕರಗಿ ಒಂದು ಚಿಕ್ಕ, ಆದರೆ ಪರೀಕ್ಷಿಸಬಹುದಾದ ಪ್ರಶ್ನೆಯು ನಿಲ್ಲುತ್ತದೆ. ಅದಕ್ಕೆ ಉತ್ತರ ದೊರೆತರೆ ನಾಳೆ ಬೆಳಗ್ಗೆ ಅದೇ ಅಧ್ಯಾಪಕಿಯ ಪಾಠವೇ ಬದಲಾಗುತ್ತದೆ. ವಿಷಯವನ್ನು ಹುಡುಕಿ ಕೊಡುವುದು ಮಾರ್ಗದರ್ಶಕರ ಕೆಲಸವಲ್ಲ. ಸಂಶೋಧಕರಲ್ಲಿ ಆಗಲೇ ಇರುವ ಪ್ರಶ್ನೆಯನ್ನು ಅವರಿಗೇ ಕಾಣುವಂತೆ ಮಾಡುವುದು ಅವರ ಕೆಲಸ.

ಎರಡನೆಯದು ಓದಿನ ಮಾತು. ಹಿಂದೆ ನಡೆದ ಸಂಶೋಧನೆಗಳನ್ನು ಓದಿ ಸಮೀಕ್ಷಿಸುವ ಒಂದು ಅಧ್ಯಾಯವು ಪ್ರತಿ ಪ್ರಬಂಧದಲ್ಲಿಯೂ ಇರುತ್ತದೆ. ಈ ಕೆಲಸವು ನಮ್ಮ ದೇಶದಲ್ಲಿ ಬಹುಕಾಲ ಕಷ್ಟದ್ದಾಗಿತ್ತು. ಒಂದು ಊರಿನ ಪ್ರಬಂಧವು ಇನ್ನೊಂದು ಊರಿಗೆ ತಿಳಿಯುತ್ತಿರಲಿಲ್ಲ. ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದ ಎಂ. ಬಿ. ಬುಚ್ ಅವರು 1974ರಲ್ಲಿ ಭಾರತದ ಶಿಕ್ಷಣ ಸಂಶೋಧನೆಗಳ ಸಮೀಕ್ಷೆಯನ್ನು ಹೊರತಂದ ಮೇಲೆ ಈ ಕೊರತೆಯು ಸ್ವಲ್ಪ ನೀಗಿತು. ಈಗಲಂತೂ 'ಶೋಧಗಂಗಾ' ಎಂಬ ರಾಷ್ಟ್ರೀಯ ಭಂಡಾರದಲ್ಲಿ ದೇಶದ ಪ್ರಬಂಧಗಳನ್ನು ಮನೆಯಲ್ಲಿಯೇ ಕುಳಿತು ಓದಬಹುದು. ಅನುಕೂಲವು ಹೆಚ್ಚಿದಂತೆ ಅಪಾಯವೂ ಹೆಚ್ಚಿದೆ. ಹತ್ತು ಪ್ರಬಂಧಗಳಿಂದ ಹತ್ತು ಕಂಡಿಕೆಗಳನ್ನು ಎತ್ತಿ ಜೋಡಿಸಿದರೆ ಒಂದು ಅಧ್ಯಾಯವಾಗಿಬಿಡುತ್ತದೆ. ಇದನ್ನು ತಡೆಯಲು ಆಯೋಗವು 2018ರಲ್ಲಿ ನಿಯಮ ಮಾಡಿತು: ಅದರಂತೆ ಪ್ರಬಂಧದಲ್ಲಿ ಇತರರ ಬರಹದೊಡನೆ ಹೋಲುವ ಭಾಗವು ಶೇಕಡಾ 10ನ್ನು ಮೀರಿದರೆ ತಿದ್ದಿ ಮತ್ತೆ ಒಪ್ಪಿಸಬೇಕು, 60ನ್ನು ಮೀರಿದರೆ ನೋಂದಣಿಯೇ ರದ್ದು. ಯಂತ್ರವು ಹೋಲಿಕೆಯನ್ನು ಎಣಿಸಬಲ್ಲುದು. ಅರ್ಥಮಾಡಿಕೊಂಡು ಬರೆದರೋ, ಮಾತನ್ನು ಮಾತ್ರ ಬದಲಾಯಿಸಿ ಬರೆದರೋ ಎಂಬುದನ್ನು ಎಣಿಸಲಾರದು. ಅದನ್ನು ತಿಳಿಯುವ ಉಪಾಯ ಒಂದೇ: ಮಾರ್ಗದರ್ಶಕರು ಎದುರಿಗೆ ಕುಳ್ಳಿರಿಸಿಕೊಂಡು, "ಈ ಲೇಖಕರು ಹೀಗೆ ಹೇಳುತ್ತಾರಲ್ಲ, ನೀವು ಒಪ್ಪುತ್ತೀರಾ? ಏಕೆ?" ಎಂದು ಕೇಳುವುದು.

ಮೂರನೆಯದು ಅಳತೆಯ ಮಾತು. ಶಿಕ್ಷಣದಲ್ಲಿ ಬುದ್ಧಿ, ಆಸಕ್ತಿ, ಸಾಧನೆ ಮೊದಲಾದ ಕಣ್ಣಿಗೆ ಕಾಣದ ವಸ್ತುಗಳನ್ನು ಅಳೆಯಬೇಕಾಗುತ್ತದೆ. ಪರದೇಶದಲ್ಲಿ ಸಿದ್ಧವಾದ ಪ್ರಶ್ನಾವಳಿಯನ್ನು ಹಾಗೆಯೇ ಭಾಷಾಂತರಿಸಿ ಹಂಚುವುದು ಸುಲಭ. ಆದರೆ ನಮ್ಮ ನಾಡಿನಲ್ಲಿಯೇ ಇದಕ್ಕೆ ಮೇಲ್ಪಂಕ್ತಿಯುಂಟು. 1905ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಬಿನೇ ಮತ್ತು ಸಿಮೊನ್ ಅವರ ಬುದ್ಧಿಪರೀಕ್ಷೆಯನ್ನು 1930ರ ದಶಕದಲ್ಲಿ ಧಾರವಾಡದಲ್ಲಿ ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಅವರು ಮಾತುಗಳನ್ನು ಬದಲಾಯಿಸಿದುದಷ್ಟೇ ಅಲ್ಲ; ಆ ಪ್ರದೇಶದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಯಾವ ಪ್ರಶ್ನೆ ಯಾವ ವಯಸ್ಸಿಗೆ ಸಲ್ಲುತ್ತದೆಂಬುದನ್ನು ಹೊಸದಾಗಿ ಗೊತ್ತುಮಾಡಿದರು. ಬಿನೇ-ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ಹಲವು ದಶಕಗಳ ಕಾಲ ದೇಶದಲ್ಲಿ ಬಳಕೆಯಲ್ಲಿತ್ತು. ಬೇರೊಬ್ಬರ ಅಳತೆಗೋಲನ್ನು ಎರವಲು ತಂದವರು ಮೊದಲು ಅದನ್ನು ತಮ್ಮ ನೆಲದ ಮೇಲೆ ಇಟ್ಟು ನೋಡಬೇಕೆಂಬುದು ಇದರಿಂದ ತಿಳಿಯುವ ಪಾಠ.

ಇಲ್ಲಿ ಸ್ಪಿಯರ್‌ಮನ್ನರ ವಿಚಾರವು ಪ್ರಸ್ತುತವಾಗುತ್ತದೆ. ಅವರು 1904ರಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿಕೊಟ್ಟರು. ಎರಡು ಗುಣಗಳ ನಡುವೆ ನಿಜವಾಗಿ ಎಷ್ಟೇ ಸಂಬಂಧವಿರಲಿ, ಅವುಗಳನ್ನು ಅಳೆಯುವ ಕೋಲು ಅಲುಗಾಡುತ್ತಿದ್ದರೆ ಸಂಬಂಧವು ಇರುವುದಕ್ಕಿಂತ ಕಡಮೆಯಾಗಿ ಕಾಣುತ್ತದೆ. ಹೇಗೆಂದರೆ, ಓದುವ ಸಾಮರ್ಥ್ಯಕ್ಕೂ ವಾಕ್ಯಲೆಕ್ಕದ ಸಾಮರ್ಥ್ಯಕ್ಕೂ ನಿಜವಾದ ಸಹಸಂಬಂಧವು 0.6 ಎಂದಿಟ್ಟುಕೊಳ್ಳಿ. ಎರಡು ಪರೀಕ್ಷೆಗಳ ವಿಶ್ವಾಸಾರ್ಹತೆಯೂ 0.5 ಮಾತ್ರವಾಗಿದ್ದರೆ ಸಂಶೋಧಕರ ಕಾಗದದ ಮೇಲೆ ಬರುವುದು 0.3. ಅವರು ಅದನ್ನು ನೋಡಿ, "ಓದಿಗೂ ಲೆಕ್ಕಕ್ಕೂ ಹೆಚ್ಚಿನ ಸಂಬಂಧವಿಲ್ಲ" ಎಂದು ಬರೆದುಬಿಡುತ್ತಾರೆ. ತಪ್ಪು ಮಕ್ಕಳದಲ್ಲ, ಕೋಲಿನದು. ಪರೀಕ್ಷೆಯನ್ನು ಚಿಕ್ಕ ಗುಂಪಿನ ಮೇಲೆ ಮೊದಲು ಪ್ರಯೋಗಿಸಿ ನೋಡಿರೆಂದು ಮಾರ್ಗದರ್ಶಕರು ಹಟ ಹಿಡಿಯುವುದು ಈ ಕಾರಣದಿಂದ. ಆರು ತಿಂಗಳು ಹೋದರೂ ಚಿಂತೆಯಿಲ್ಲ. ಆ ಆರು ತಿಂಗಳು ಉಳಿದ ಮೂರು ವರ್ಷವನ್ನು ಕಾಪಾಡುತ್ತದೆ.

ನಾಲ್ಕನೆಯದು ಮಕ್ಕಳ ಆಯ್ಕೆ. "ನಾನು 400 ಮಕ್ಕಳನ್ನು ಪರೀಕ್ಷಿಸಿದ್ದೇನೆ" ಎಂದು ಹೇಳಿಕೊಳ್ಳುವ ಸಂಶೋಧಕರುಂಟು. ಆದರೆ ಆ 400 ಮಂದಿ ಎಲ್ಲಿಂದ ಬಂದವರು? ಪರಿಚಯದ ಇಬ್ಬರು ಮುಖ್ಯೋಪಾಧ್ಯಾಯರ ಎರಡು ಶಾಲೆಗಳಿಂದಲೇ ತಲಾ 200 ಮಂದಿಯನ್ನು ತೆಗೆದುಕೊಂಡರೆ ಅನುಕೂಲವು ಹೆಚ್ಚು, ಜ್ಞಾನವು ಕಡಮೆ. ಒಂದೇ ಶಾಲೆಯ ಮಕ್ಕಳು ಒಂದೇ ಉಪಾಧ್ಯಾಯರ ಪಾಠವನ್ನು ಕೇಳಿದವರು, ಒಂದೇ ಬಗೆಯ ಮನೆಗಳಿಂದ ಬಂದವರು. ಅವರು ಒಬ್ಬರನ್ನೊಬ್ಬರು ಹೋಲುತ್ತಾರೆ. ಈ ಹೋಲಿಕೆಯ ಪ್ರಮಾಣವು 0.2 ಇದ್ದರೆ ಲೆಕ್ಕವು ಹೀಗೆ ನಡೆಯುತ್ತದೆ: ಒಂದು ಶಾಲೆಯಿಂದ ತೆಗೆದುಕೊಂಡ ಮಕ್ಕಳ ಸಂಖ್ಯೆಯಲ್ಲಿ ಒಂದನ್ನು ಕಳೆದು, 0.2ರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ಬಂದ ಮೊತ್ತದಿಂದ 400ನ್ನು ಭಾಗಿಸಬೇಕು. ಎರಡು ಶಾಲೆಗಳಾದರೆ ಆ ಮೊತ್ತವು 40.8, 400 ಮಕ್ಕಳ ನಿಜವಾದ ಬೆಲೆ ಸುಮಾರು 10 ಮಂದಿಯಷ್ಟು. ಅದೇ 400 ಮಂದಿಯನ್ನು 20 ಶಾಲೆಗಳಿಂದ ತಲಾ 20ರಂತೆ ಆರಿಸಿದರೆ ಮೊತ್ತವು 4.8, ಬೆಲೆಯು 83 ಮಂದಿಗೆ ಏರುತ್ತದೆ. ರಾಜಾಜಿನಗರದಲ್ಲಿ ಐದು, ಬಸವೇಶ್ವರನಗರದಲ್ಲಿ ಐದು, ವಿಜಯನಗರದಲ್ಲಿ ಐದು, ಕೆಂಗೇರಿಯಲ್ಲಿ ಐದು ಶಾಲೆಗಳಿಗೆ ಅಲೆಯುವುದು ಶ್ರಮದ ಕೆಲಸವೇ ಸರಿ. ಆದರೆ ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕೆಂಬುದು ಒಂದೇ ಪಾತ್ರೆಯ ಮಾತು. ಇಪ್ಪತ್ತು ಪಾತ್ರೆಗಳಿದ್ದರೆ ಒಂದೊಂದರಿಂದಲೂ ಅಗುಳನ್ನು ತೆಗೆದು ನೋಡಲೇಬೇಕು.

ಐದನೆಯದು ಮಕ್ಕಳ ಮರ್ಯಾದೆ. ಶಾಲೆಗೆ ಹೋಗುವ ಮೊದಲು ಶಿಕ್ಷಣ ಇಲಾಖೆಯ ಅಧಿಕಾರಿಗಳ ಮತ್ತು ಮುಖ್ಯೋಪಾಧ್ಯಾಯರ ಅನುಮತಿಯನ್ನು ಪಡೆಯುವುದು ವಾಡಿಕೆ. ಆದರೆ ಅನುಮತಿಯ ಕಾಗದದಿಂದ ಕೆಲಸ ಮುಗಿಯಲಿಲ್ಲ. ಮಗುವಿನ ತಂದೆತಾಯಿಗಳಿಗೆ ವಿಷಯವನ್ನು ಅವರ ಮಾತಿನಲ್ಲಿ ತಿಳಿಸಬೇಕು. ಮಗುವಿಗೆ "ನನಗೆ ಬೇಡ" ಎನ್ನುವ ಸ್ವಾತಂತ್ರ್ಯವಿರಬೇಕು. ದಡ್ಡನೆಂಬ ಪಟ್ಟವು ಯಾವ ಹೆಸರಿಗೂ ಅಂಟಕೂಡದು. ಸಂಶೋಧಕಿಯು ಅದೇ ಶಾಲೆಯ ಅಧ್ಯಾಪಕಿಯಾದರೆ ಇನ್ನೂ ಎಚ್ಚರಿಕೆ ಬೇಕು. ಅಂಕಗಳನ್ನು ಕೊಡುವ ಕೈಯೇ ಪ್ರಶ್ನಾವಳಿಯನ್ನೂ ಕೊಟ್ಟರೆ ಬೇಡವೆನ್ನುವ ಧೈರ್ಯ ಯಾವ ಮಗುವಿಗೆ ಇದ್ದೀತು? ಒಂದು ಗಂಟೆಯ ಪಾಠವನ್ನು ಬಿಟ್ಟು ಮಗುವು ಪ್ರಶ್ನಾವಳಿಯನ್ನು ತುಂಬಿತೆಂದರೆ ಆ ಗಂಟೆಯು ನಮ್ಮ ಮೇಲಿನ ಸಾಲ. ಉತ್ತರವೇ ಬೇಕಿಲ್ಲದ ಪ್ರಶ್ನೆಯನ್ನು ಕೇಳಿ ಆ ಸಾಲವನ್ನು ಹೆಚ್ಚಿಸಬಾರದೆಂದು ಸಂಶೋಧಕರಿಗೆ ಹೇಳಿಕೊಡಬೇಕಾದವರು ಮಾರ್ಗದರ್ಶಕರು.

ಆರನೆಯದು ಅಂಕಿಗಳಿಗೆ ಅರ್ಥ ಹಚ್ಚುವ ಕೆಲಸ. ಎಣಿಕೆಯನ್ನು ಈಗ ಗಣಕಯಂತ್ರವು ಕ್ಷಣದಲ್ಲಿ ಮಾಡಿಕೊಡುತ್ತದೆ. ಅದರಿಂದ ಸಂಶೋಧಕರು ಯಂತ್ರವು ಹೇಳಿದುದನ್ನೆಲ್ಲ ಸತ್ಯವೆಂದು ನಂಬುವ ಭಯವುಂಟು. ಮನೆಪಾಠಕ್ಕೆ, ಎಂದರೆ ಟ್ಯೂಷನ್ನಿಗೆ, ಹೋಗುವ ಮಕ್ಕಳ ಅಂಕಗಳು ಹೋಗದವರ ಅಂಕಗಳಿಗಿಂತ ಕಡಮೆಯೆಂದು ಕಂಡಿತೆನ್ನೋಣ. ಮನೆಪಾಠವು ಮಕ್ಕಳನ್ನು ಕೆಡಿಸುತ್ತದೆಂದು ತೀರ್ಮಾನಿಸಬಹುದೇ? ಕಡಮೆ ಅಂಕ ಪಡೆಯುವ ಮಕ್ಕಳನ್ನೇ ತಂದೆತಾಯಿಗಳು ಮನೆಪಾಠಕ್ಕೆ ಕಳುಹಿಸುತ್ತಿರಬಹುದಷ್ಟೆ! ಔಷಧವನ್ನು ಕುಡಿಯುವವರಲ್ಲಿ ರೋಗಿಗಳು ಹೆಚ್ಚಿರುವುದರಿಂದ ಔಷಧವೇ ರೋಗಕ್ಕೆ ಕಾರಣವೆನ್ನುವುದುಂಟೆ? ಕಾರಣ ಬೇರೆ, ಜೊತೆಯಲ್ಲಿ ಕಾಣಿಸಿಕೊಳ್ಳುವುದು ಬೇರೆ. ಈ ಒಂದು ಭೇದವನ್ನು ಸಂಶೋಧಕರ ಮನಸ್ಸಿನಲ್ಲಿ ನಿಲ್ಲಿಸಿದರೆ ಮಾರ್ಗದರ್ಶಕರು ಅರ್ಧ ಕೆಲಸವನ್ನು ಮಾಡಿದಂತಾಯಿತು. ಜೊತೆಗೆ, ನಿರೀಕ್ಷಿಸಿದ ಉತ್ತರವು ಬಾರದಿದ್ದರೆ ಅದನ್ನು ಹಾಗೆಯೇ ಬರೆಯುವ ಧೈರ್ಯವನ್ನು ಅವರು ತುಂಬಬೇಕು. ಹೊಸ ಬೋಧನಾಕ್ರಮವನ್ನು ಪ್ರಯೋಗಿಸಿದ ಬಹುಪಾಲು ಪ್ರಬಂಧಗಳಲ್ಲಿ ಹೊಸಕ್ರಮವೇ ಗೆಲ್ಲುತ್ತದೆ. ಹೀಗೆ ಯಾವಾಗಲೂ ಗೆಲ್ಲುವ ಕುದುರೆಯನ್ನು ಕಂಡರೆ ಪಂದ್ಯದ ಮೇಲೆಯೇ ಸಂಶಯ ಬರುವುದು ಸಹಜ. "ಈ ಕ್ರಮದಿಂದ ಪ್ರಯೋಜನವಾಗಲಿಲ್ಲ" ಎಂದು ಪ್ರಾಮಾಣಿಕವಾಗಿ ಬರೆದ ಪ್ರಬಂಧವು ಸಾವಿರಾರು ಉಪಾಧ್ಯಾಯರ ಕಾಲವನ್ನು ಉಳಿಸಬಲ್ಲುದು.

ಏಳನೆಯದು ಬರವಣಿಗೆ. ಎಲ್ಲವೂ ಮುಗಿದ ಮೇಲೆ ಬರೆಯೋಣವೆಂದು ಕಾಯುವವರು ಬರೆಯುವುದೇ ಇಲ್ಲ. ತಿಂಗಳಿಗೆ ಹತ್ತು ಪುಟಗಳನ್ನಾದರೂ ತರಿಸಿಕೊಂಡು, ಹದಿನೈದು ದಿನಗಳಲ್ಲಿ ಓದಿ, ಗುರುತು ಹಾಕಿ ಹಿಂದಿರುಗಿಸುವುದು ಒಳ್ಳೆಯ ಪದ್ಧತಿ. ಗುರುತು ಹಾಕುವುದೆಂದರೆ ಕಾಗುಣಿತವನ್ನು ತಿದ್ದುವುದಲ್ಲ, ಅವರ ಬದಲು ತಾವೇ ಬರೆದುಕೊಡುವುದೂ ಅಲ್ಲ, "ಈ ಮಾತಿಗೆ ಆಧಾರವೆಲ್ಲಿ? ಇದರಿಂದ ಅದು ಹೇಗೆ ಬಂತು?" ಎಂದು ಅಂಚಿನಲ್ಲಿ ಕೇಳುವುದು. ಭಾಷೆಯ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. ನಮ್ಮಲ್ಲಿ ಶಿಕ್ಷಣದ ಪ್ರಬಂಧಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರುತ್ತವೆ. ಕನ್ನಡದ ತರಗತಿಯಲ್ಲಿ ಕನ್ನಡದ ಮಕ್ಕಳು ಆಡಿದ ಮಾತು ಇಂಗ್ಲಿಷಿಗೆ ತಿರುಗಿದಾಗ ಅದರ ಜೀವವು ಎಷ್ಟು ಉಳಿಯುತ್ತದೆಂಬುದು ಯೋಚಿಸತಕ್ಕ ವಿಷಯ. ಕನ್ನಡದಲ್ಲಿ ಮಹಾಪ್ರಬಂಧವನ್ನು ಬರೆಯಲಾಗದೆಂಬ ಮಾತನ್ನು 1991ರಲ್ಲಿ ಸ್ಥಾಪನೆಯಾದ ಹಂಪೆಯ ಕನ್ನಡ ವಿಶ್ವವಿದ್ಯಾನಿಲಯವು ಸುಳ್ಳಾಗಿಸಿದೆ. ಇಂಗ್ಲಿಷಿನಲ್ಲಿ ಬರೆದರೂ ಮಕ್ಕಳ ಮೂಲ ಮಾತುಗಳನ್ನು ಕನ್ನಡದಲ್ಲಿಯೇ ಇಟ್ಟು ಪಕ್ಕದಲ್ಲಿ ಅರ್ಥವನ್ನು ಕೊಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಇನ್ನು, ಮೊದಲು ಹೇಳಿದ ತಂದೆಯ ಹೊಣೆಯ ಮಾತಿಗೆ ಬರೋಣ. ಮಾರ್ಗದರ್ಶಕರ ಕೈಯಲ್ಲಿರುವ ಅಧಿಕಾರವು ಸಣ್ಣದಲ್ಲ. ಅವರ ಸಹಿಯಿಲ್ಲದೆ ಪ್ರಬಂಧವು ಮುಂದೆ ಸಾಗದು, ವಿದ್ಯಾರ್ಥಿವೇತನವೂ ಬಾರದು. ಸಂಶೋಧಕರು ಇದನ್ನು ಬಲ್ಲರು. ಅದರಿಂದಲೇ ಅವರು ತಮ್ಮ ಭಿನ್ನಾಭಿಪ್ರಾಯವನ್ನು ನುಂಗಿಕೊಳ್ಳುತ್ತಾರೆ. ಗುರುಭಕ್ತಿಯೆಂಬ ಹೆಸರಿನಲ್ಲಿ ಮನೆಯ ಕೆಲಸವನ್ನು ಮಾಡಿಸಿಕೊಳ್ಳುವುದು, ಸಂಶೋಧಕರ ಲೇಖನದಲ್ಲಿ ತಮ್ಮ ಹೆಸರನ್ನು ಮೊದಲು ಹಾಕಿಸಿಕೊಳ್ಳುವುದು, ತಿಂಗಳುಗಟ್ಟಲೆ ಅಧ್ಯಾಯವನ್ನು ಓದದೆ ಇಟ್ಟುಕೊಳ್ಳುವುದು, ಇವೆಲ್ಲ ಈ ಅಧಿಕಾರದ ದುರುಪಯೋಗಗಳು. ನಷ್ಟವನ್ನು ಹೆಚ್ಚಾಗಿ ಅನುಭವಿಸುವವರು ದೂರದ ಊರಿನಿಂದ ಬಂದವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಮತ್ತು ಹೆಂಗಸರು. ಏಕೆಂದರೆ ಬೇರೆ ದಾರಿಯುಂಟೆಂಬುದನ್ನು ಅವರಿಗೆ ಹೇಳುವವರಿರುವುದಿಲ್ಲ. 2022ರ ನಿಯಮಗಳು ಹೆಂಗಸರಿಗೆ ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆಯನ್ನು ಕೊಟ್ಟಿವೆ. ಈ ಹಕ್ಕನ್ನು ಸಂಶೋಧಕಿಯು ಅಂಜುತ್ತ ಬಂದು ಬೇಡುವ ಮೊದಲೇ, "ಇದು ನಿಮಗೆ ಸಲ್ಲತಕ್ಕದ್ದು" ಎಂದು ತಿಳಿಸುವ ಮಾರ್ಗದರ್ಶಕರು ನಿಜವಾಗಿ ಹಿರಿಯರು. ಮೊದಲ ದಿನವೇ ಎರಡು ಮಾತುಗಳನ್ನು ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ: ಎಷ್ಟು ದಿನಕ್ಕೊಮ್ಮೆ ಭೇಟಿ, ಒಪ್ಪಿಸಿದ ಬರಹವನ್ನು ಎಷ್ಟು ದಿನದಲ್ಲಿ ಓದಿ ಕೊಡುವುದು.

ಹಾಗೆಂದು ಸಂಶೋಧಕರ ಹೊಣೆಯೂ ಕಡಮೆಯಲ್ಲ. "ಮುಂದೆ ಗುರಿ, ಹಿಂದೆ ಗುರು" ಎಂಬ ಗಾದೆಯು ನಮ್ಮಲ್ಲಿ ಬಳಕೆಯಲ್ಲಿದೆ. ಗುರುವು ಹಿಂದೆ ಇರುತ್ತಾನೆಯೇ ಹೊರತು, ಮುಂದೆ ನಿಂತು ಎಳೆದುಕೊಂಡು ಹೋಗುವುದಿಲ್ಲವೆಂಬುದನ್ನು ಇದರಲ್ಲಿ ಗಮನಿಸಬೇಕು. ಮೊದಲ ವರ್ಷದಲ್ಲಿ ಮಾರ್ಗದರ್ಶಕರು ಹೆಚ್ಚು ತಿಳಿದವರು. ಕೊನೆಯ ವರ್ಷದಲ್ಲಿ ಆ ಚಿಕ್ಕ ಪ್ರಶ್ನೆಯ ವಿಷಯದಲ್ಲಿ ಸಂಶೋಧಕರೇ ಹೆಚ್ಚು ತಿಳಿದವರಾಗಿರಬೇಕು. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಒಂದು ಆಕ್ಷೇಪವನ್ನೆತ್ತಿದಾಗ ಸಂಶೋಧಕರು ಮಾರ್ಗದರ್ಶಕರ ಮುಖವನ್ನು ನೋಡದೆ ತಾವಾಗಿ ಉತ್ತರ ಕೊಟ್ಟರೆ ಮಾರ್ಗದರ್ಶನವು ಸಫಲವಾಯಿತೆಂದು ತಿಳಿಯಬಹುದು. "ಅದು ನನಗೆ ತಿಳಿಯದು, ನನ್ನ ಸಾಮಗ್ರಿಯಿಂದ ಅದನ್ನು ಹೇಳಲಾಗದು" ಎಂದು ಸಮಾಧಾನದಿಂದ ಹೇಳಬಲ್ಲವರಾದರೆ ಅದಕ್ಕಿಂತಲೂ ಹೆಚ್ಚು.

ಪದವಿಯು ದೊರೆತ ಮೇಲೆ ಪ್ರಬಂಧದ ಗತಿಯೇನು? ಒಂದು ಪ್ರತಿಯು ಗ್ರಂಥಭಂಡಾರಕ್ಕೂ, ಮತ್ತೊಂದು ಶೋಧಗಂಗೆಗೂ ಸೇರುತ್ತದೆ. ಆದರೆ ಪರೀಕ್ಷೆಗೆ ಮಕ್ಕಳನ್ನು ಒದಗಿಸಿದ ಆ ಇಪ್ಪತ್ತು ಶಾಲೆಗಳಿಗೆ ಏನು ಸೇರುತ್ತದೆ? ಇಲ್ಲಿ ಮಾರ್ಗದರ್ಶಕರು ಒಂದು ಚಿಕ್ಕ ಕಟ್ಟಳೆಯನ್ನು ಮಾಡಿಕೊಳ್ಳಬಹುದು. ತಮ್ಮ ಕೈಕೆಳಗೆ ಮುಗಿದ ಪ್ರತಿಯೊಂದು ಪ್ರಬಂಧದ ಸಾರವನ್ನೂ ಸಂಶೋಧಕರು ತಿಳಿಗನ್ನಡದಲ್ಲಿ ನಾಲ್ಕು ಪುಟಗಳಿಗೆ ಇಳಿಸಿ, ಆ ಶಾಲೆಗಳ ಉಪಾಧ್ಯಾಯರ ಮುಂದೆ ಒಂದು ಸಂಜೆ ಓದಿ ಹೇಳತಕ್ಕದ್ದು. ಉಪಾಧ್ಯಾಯರಿಗೆ ತಿಳಿಯುವಂತೆ ನಾಲ್ಕು ಪುಟಗಳಲ್ಲಿ ಹೇಳಲಾಗದ ಸಂಶೋಧನೆಯು ನಾನೂರು ಪುಟಗಳಲ್ಲಿಯೂ ಏನನ್ನೂ ಹೇಳಿರಲಾರದು. ರಾಜಾಜಿನಗರದ ಎಂ.ಇ.ಎಸ್. ಶಿಕ್ಷಕರ ಕಾಲೇಜಿನಂಥ, ಉಪಾಧ್ಯಾಯರನ್ನು ಸಿದ್ಧಪಡಿಸುವ ಕಾಲೇಜುಗಳಲ್ಲಿ ಇಂಥ ಕೂಟಗಳಿಗೆ ಜಾಗವು ಸುಲಭವಾಗಿ ಒದಗೀತು. ಪ್ರಯಾಣದ ಕಷ್ಟವೂ ಈಗ ಹಿಂದಿನಂತಿಲ್ಲ. 2021ರ ಆಗಸ್ಟಿನಿಂದ ಮೆಟ್ರೋ ರೈಲು ವಿಜಯನಗರದಿಂದ ಜ್ಞಾನಭಾರತಿಯನ್ನು ಹಾದು ಕೆಂಗೇರಿಯವರೆಗೆ ಓಡಾಡುತ್ತಿದೆ. ಸಂಶೋಧಕರು ಆ ಬಂಡಿಯಲ್ಲಿ ವಿಶ್ವವಿದ್ಯಾನಿಲಯದ ಕಡೆಗೆ ಮಾತ್ರವಲ್ಲದೆ ಶಾಲೆಯ ಕಡೆಗೂ ಹಿಂದಿರುಗುವಂತಾಗಬೇಕು.

ಮೇಲೆ ಹೇಳಿದುದನ್ನೆಲ್ಲ ಒಂದು ಮಾತಿನಲ್ಲಿ ಹೇಳುವುದಾದರೆ, ಮಾರ್ಗದರ್ಶಕರು ಸಿದ್ಧಪಡಿಸಬೇಕಾದುದು ಪ್ರಬಂಧವನ್ನಲ್ಲ, ಪ್ರಬಂಧಕಾರರನ್ನು. ಪುಸ್ತಕವು ಕಪಾಟಿನಲ್ಲಿ ಉಳಿಯುತ್ತದೆ. ಆದರೆ ಸರಿಯಾಗಿ ಪ್ರಶ್ನೆ ಕೇಳುವುದನ್ನು ಕಲಿತ ಅಧ್ಯಾಪಕಿಯು ಇನ್ನು ಇಪ್ಪತ್ತು ವರ್ಷ ತರಗತಿಯಲ್ಲಿ ಮಕ್ಕಳ ಮುಂದೆ ನಿಲ್ಲುತ್ತಾಳೆ, ಮುಂದೆ ತಾನೇ ಬೇರೆಯವರಿಗೆ ಮಾರ್ಗದರ್ಶಕಿಯಾಗುತ್ತಾಳೆ. ತಾನು ಕಂಡ ಮಾರ್ಗದರ್ಶನವನ್ನೇ ಅವಳು ಮುಂದಿನವರಿಗೆ ದಾಟಿಸುವಳು. ಒಳ್ಳೆಯದನ್ನು ಕಂಡಿದ್ದರೆ ಒಳ್ಳೆಯದನ್ನು, ಕೆಟ್ಟದ್ದನ್ನು ಕಂಡಿದ್ದರೆ ಬಹುಶಃ ಕೆಟ್ಟದ್ದನ್ನು. ಆದುದರಿಂದ ಇಂದು ಒಬ್ಬ ಸಂಶೋಧಕರ ಹತ್ತು ಪುಟಗಳನ್ನು ಮನಸ್ಸಿಟ್ಟು ಓದುವ ಮಾರ್ಗದರ್ಶಕರು, ತಾವು ಎಂದೂ ನೋಡದ ಎಷ್ಟೋ ತರಗತಿಗಳ ಪಾಠವನ್ನು ತಿದ್ದುತ್ತಿದ್ದಾರೆಂದು ತಿಳಿಯಬೇಕು.